ಯಾವ ನಕಲು ಮೂಲಕ್ಕೆ ಹತ್ತಿರ?

1977ರಲ್ಲಿ ತೆರೆಕಂಡ ‘ಸ್ಟಾರ್ ವಾರ್ಸ್’ ಚಿತ್ರದ ಈಗ ಮಾರಾಟದಲ್ಲಿರುವ ಡಿಸ್ಕ್ ಕೊಂಡರೆ, ಅಂದು ಪ್ರೇಕ್ಷಕರು ಕಂಡ ಚಿತ್ರ ಅದರಲ್ಲಿ ಸಿಗುವುದಿಲ್ಲ. ನಿರ್ದೇಶಕ ಜಾರ್ಜ್ ಲ್ಯೂಕಸ್ 1997ರಲ್ಲಿ ಹೊಸ ಗ್ರಾಫಿಕ್ಸ್ ಸೇರಿಸಿದರು, ಆಮೇಲೂ ತಿದ್ದಿದರು. 2006ರಲ್ಲಿ ಮೂಲ ರೂಪ ಡಿವಿಡಿಯಾಗಿ ಬಂತು, ಆದರೆ 1993ರಲ್ಲಿ ಲೇಸರ್ ಡಿಸ್ಕಿಗೆಂದು ಸಿದ್ಧಪಡಿಸಿದ್ದ ಹಳೆಯ ವಿಡಿಯೊ ಮಾಸ್ಟರ್‌ನಿಂದ. ಹೀಗಾಗಿ ಅಭಿಮಾನಿಗಳೇ ಲೇಸರ್ ಡಿಸ್ಕ್‌ಗಳಿಂದಲೂ ಹಳೆಯ ಪ್ರಿಂಟ್‌ಗಳಿಂದಲೂ ನಕಲು ಮಾಡತೊಡಗಿದರು. ಹಕ್ಕುಸ್ವಾಮ್ಯದ ಪ್ರಶ್ನೆ ಬೇರೆಯೇ ಇದೆ. ಇಲ್ಲಿ ಗುಣಮಟ್ಟವನ್ನಷ್ಟೇ ನೋಡೋಣ.

ಅಮೆರಿಕದ ಹಳೆಯ ಟಿವಿ ಪದ್ಧತಿಯಲ್ಲಿ ಚಿತ್ರಕ್ಕೆ ಸಿಗುವುದು ಸುಮಾರು 480 ಗೆರೆ. ಅಗಲವಾದ ಸಿನಿಮಾವನ್ನು ಆ ಚೌಕಟ್ಟಿಗೆ ಕೂರಿಸಿದಾಗ ಮೇಲೂ ಕೆಳಗೂ ಕಪ್ಪುಪಟ್ಟಿ ಬಂದು, ಉಳಿಯುವುದು 270ರಷ್ಟೇ. 2006ರ ಡಿವಿಡಿಯ ಕಥೆಯೂ ಇದೇ. ಲೇಸರ್ ಡಿಸ್ಕಿನದು ಇನ್ನೊಂದು ತೊಡಕು: ಅದರಲ್ಲಿ ಬೆಳಕು ಮತ್ತು ಬಣ್ಣ ಒಂದೇ ಅನಲಾಗ್ ಸಂಕೇತದಲ್ಲಿ ಬೆರೆತಿರುತ್ತವೆ. ಅವನ್ನು ಸರಿಯಾಗಿ ಬೇರ್ಪಡಿಸದಿದ್ದರೆ ಬಣ್ಣಗಳ ಅಂಚಿನಲ್ಲಿ ಸಣ್ಣ ಚುಕ್ಕೆಗಳು ಹರಿದಾಡುತ್ತವೆ, ಒತ್ತೊತ್ತಾದ ಗೆರೆಗಳ ಮೇಲೆ ಇಲ್ಲದ ಕಾಮನಬಿಲ್ಲು ಮೂಡುತ್ತದೆ.

ಇದಕ್ಕೆ ಕಂಡುಕೊಂಡ ಉಪಾಯಗಳು ನಿಜಕ್ಕೂ ಜಾಣತನದವು. ಪ್ಲೇಯರ್ ಕೊಡುವ ಚಿತ್ರವನ್ನು ಬಿಟ್ಟು, ಲೇಸರ್ ಓದಿದ ಕಚ್ಚಾ ಸಂಕೇತವನ್ನೇ ಹಿಡಿದಿಡುವ ‘ಡೂಮ್ಸ್‌ಡೇ ಡೂಪ್ಲಿಕೇಟರ್’ ಎಂಬ ಸಾಧನವಿದೆ. ಬಿಬಿಸಿಯ 1986ರ ಡೂಮ್ಸ್‌ಡೇ ಲೇಸರ್ ಡಿಸ್ಕ್‌ಗಳನ್ನು ಉಳಿಸಲು ಹುಟ್ಟಿದ್ದು ಅದು. ಬಣ್ಣ ಬೇರ್ಪಡಿಸುವ ಕೆಲಸವನ್ನು ಆಮೇಲೆ ಕಂಪ್ಯೂಟರ್ ನಿಧಾನವಾಗಿ, ಅಚ್ಚುಕಟ್ಟಾಗಿ ಮಾಡುತ್ತದೆ. ಒಂದೇ ಡಿಸ್ಕನ್ನು ನಾಲ್ಕು ಸಲ ಓದಿಸಿ ಸರಾಸರಿ ತೆಗೆದರೆ, ಪ್ರತಿ ಸಲವೂ ಬದಲಾಗುವ ಸಂಕೇತದ ಗದ್ದಲ (ನಾಯ್ಸ್) ಅರ್ಧಕ್ಕಿಳಿಯುತ್ತದೆ. ಚಿತ್ರ ಮಾತ್ರ ಹಾಗೇ ಉಳಿಯುತ್ತದೆ. ಗೀರು, ಕಲೆಗಳಿಗೆ ಅದೇ ಚಿತ್ರದ ಬೇರೆ ಬೇರೆ ಪ್ರತಿಗಳು ಬೇಕು. ಎಲ್ಲ ಪ್ರತಿಗಳೂ ಒಂದೇ ಜಾಗದಲ್ಲಿ ಕೆಟ್ಟಿರುವುದಿಲ್ಲವಲ್ಲ!

ಆದರೆ ಮಾಸ್ಟರ್‌ನಲ್ಲೇ ಕಳೆದುಹೋದದ್ದನ್ನು ಯಾರೂ ಮರಳಿ ತರಲಾರರು. 1993ರ ಮಾಸ್ಟರ್‌ಗೆ ಗದ್ದಲ ತೆಗೆಯುವ ಸಂಸ್ಕರಣೆ ನಡೆದಿತ್ತು. ಇಂಥ ಯಂತ್ರ ಅಕ್ಕಪಕ್ಕದ ಫ್ರೇಮುಗಳನ್ನು ಹೋಲಿಸಿ, ಒಂದರಲ್ಲಿ ಮಾತ್ರ ಕಂಡದ್ದನ್ನು ಧೂಳೆಂದು ಅಳಿಸುತ್ತದೆ. ವೇಗವಾಗಿ ಓಡುವ ಚುಕ್ಕೆಯೂ ಅದಕ್ಕೆ ಧೂಳೇ! ಚಲನೆಯ ಹಿಂದೆ ಮಸುಕು ಬಾಲ ಬೆಳೆಯುವುದೂ ಹೀಗೆಯೇ. ನುಣುಪಾದ ಚಿತ್ರವೇ ಒಳ್ಳೆಯ ಚಿತ್ರ ಎಂಬ ನಂಬಿಕೆಯನ್ನು ನಾನು ಒಪ್ಪದಿರುವುದು ಇದಕ್ಕೇ. ಫಿಲ್ಮಿನ ಸಣ್ಣ ಕಣಗಳು ಕುಣಿಯುತ್ತಿದ್ದರೆ, ವಿವರಗಳೂ ಬದುಕಿವೆ ಎಂದು ಭರವಸೆ ಪಡಬಹುದು.

ಬಣ್ಣಕ್ಕೆ ಸಾಕ್ಷಿ ಪ್ರಿಂಟ್. ಆ ಕಾಲದ ಈಸ್ಟ್‌ಮನ್ ಪ್ರಿಂಟ್‌ಗಳಲ್ಲಿ ಹಸಿರುನೀಲಿ ಬಣ್ಣ ಮೊದಲು ಮಾಸಿ, ಇಡೀ ಚಿತ್ರ ಗುಲಾಬಿಗೆ ತಿರುಗುತ್ತದೆ. ಟೆಕ್ನಿಕಲರ್‌ನಲ್ಲಿ ಪುಸ್ತಕದ ವರ್ಣಚಿತ್ರದಂತೆ ಮೂರು ಬಣ್ಣಗಳನ್ನು ಒಂದರ ಮೇಲೊಂದು ಅಚ್ಚು ಹಾಕುತ್ತಿದ್ದರು. ಆ ಬಣ್ಣಗಳು ದಶಕಗಳ ಕಾಲ ನಿಲ್ಲುತ್ತವೆ. ಬ್ರಿಟನ್ನಿನಲ್ಲಿ ಅಚ್ಚಾದ ಅಂಥದೊಂದು 1977ರ ಪ್ರಿಂಟನ್ನು ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 2025ರ ಜೂನ್‌ನಲ್ಲಿ ಲಂಡನ್ನಿನಲ್ಲಿ ಪ್ರದರ್ಶಿಸಿತು. ಅಭಿಮಾನಿಗಳ ‘4ಕೆ77’ ಯೋಜನೆಗೂ ಮುಖ್ಯ ಆಧಾರ ಒಂದು ಟೆಕ್ನಿಕಲರ್ ಪ್ರಿಂಟೇ. ಪ್ರಿಂಟಿನಲ್ಲಿ ಗೀರು, ಧೂಳು ಇದ್ದರೂ ಲೇಸರ್ ಡಿಸ್ಕಿನ ನಕಲು ಅದರ ಹತ್ತಿರ ನಿಲ್ಲುವುದಿಲ್ಲ.

ನೀವೂ ಎರಡು ನಕಲುಗಳನ್ನು ಹೋಲಿಸುವುದಾದರೆ ನಿಲ್ಲಿಸಿದ ಕ್ಲೋಸಪ್ಪನ್ನು ನಂಬಬೇಡಿ. ಕತ್ತಲಲ್ಲಿ ಏನಾದರೂ ವೇಗವಾಗಿ ಚಲಿಸುವ ದೃಶ್ಯವನ್ನು ಆರಿಸಿ, ಓಡಿಸಿ ನೋಡಿ.