ಗಂಗರ ಆನೆಮುದ್ರೆ: ರೂಪ ಮತ್ತು ಪ್ರಾಮಾಣ್ಯ

ತಾಮ್ರಶಾಸನಗಳ ಅಧ್ಯಯನದಲ್ಲಿ ವಂಶಾವಳಿ, ದಾನದ ವಿವರ ಹಾಗೂ ಕಾಲನಿರ್ಣಯಗಳಿಗೆ ದೊರೆತಷ್ಟು ಗಮನ ಬಳೆಯ ಮೇಲಿನ ಮುದ್ರೆಗೆ ದೊರೆತಿಲ್ಲ. ಗಂಗರ ಆನೆಮುದ್ರೆ ಇದಕ್ಕೊಂದು ನಿದರ್ಶನ. ಪಟಗಳ ರಂಧ್ರಗಳಲ್ಲಿ ಬಳೆಯನ್ನು ಪೋಣಿಸಿ, ಅದರ ತುದಿಗಳನ್ನು ಮುದ್ರೆಯೊಡನೆ ಬೆಸೆಯುತ್ತಿದ್ದರು. ಬಳೆಯನ್ನು ಕತ್ತರಿಸದೆ ಪಟವನ್ನು ಸೇರಿಸುವುದಾಗಲಿ ತೆಗೆಯುವುದಾಗಲಿ ಸಾಧ್ಯವಿರಲಿಲ್ಲ. ಆದ್ದರಿಂದ ಮುದ್ರೆಯು ಕೇವಲ ಅಲಂಕಾರವಲ್ಲ. ಅದು ಶಾಸನದ ರಕ್ಷೆಯೂ ಹೌದು.

ಮುದ್ರೆಗೆ ಪ್ರಾಣಿರೂಪವನ್ನು ಆಯ್ದುಕೊಳ್ಳುವ ಪದ್ಧತಿ ಪ್ರಾಚೀನ ರೋಮಿನಲ್ಲಿಯೂ ಇತ್ತು. ಕಾರ್ನೀಲಿಯನ್ ಮೊದಲಾದ ಹರಳುಗಳಲ್ಲಿ ಸಿಂಹ, ಹದ್ದು, ಡಾಲ್ಫಿನ್‌ಗಳನ್ನು ತಗ್ಗಾಗಿ ಕೊರೆದು, ಉಂಗುರಕ್ಕೆ ಕೂರಿಸಿ, ಮೇಣದ ಮೇಲೆ ಒತ್ತುತ್ತಿದ್ದರು. ಚಕ್ರವರ್ತಿ ಆಗಸ್ಟಸ್ ಮೊದಲು ಸ್ಫಿಂಕ್ಸ್, ಬಳಿಕ ಅಲೆಕ್ಸಾಂಡರನ ಮುಖ, ಕೊನೆಗೆ ತನ್ನದೇ ಮುಖವಿದ್ದ ಮುದ್ರೆಯನ್ನು ಬಳಸಿದನೆಂದು ಸ್ಯುಟೋನಿಯಸ್ ತಿಳಿಸುತ್ತಾನೆ. ಅಲ್ಲಿ ಮುದ್ರೆಯು ವ್ಯಕ್ತಿಯದು, ಬದಲಾಗಬಲ್ಲದು. ಗಂಗರಲ್ಲಿ ಅದು ವಂಶದ್ದು. ರೋಮನ್ ಹರಳು ಒತ್ತುವ ಸಾಧನ. ಗಂಗರ ಆನೆಯಾದರೋ ಉಬ್ಬಾಗಿ ಮೂಡಿ ಶಾಸನದ ಅಂಗವಾಗಿಯೇ ಉಳಿಯುತ್ತದೆ.

ಕದಂಬರಿಗೆ ಸಿಂಹ, ಬಾದಾಮಿ ಚಾಲುಕ್ಯರಿಗೆ ವರಾಹವಿದ್ದಂತೆ ಗಂಗರ ಪ್ರಶಸ್ತಿಗಳಲ್ಲಿ 'ಮದಗಜೇಂದ್ರ ಲಾಂಛನ'ವಿದೆ. ಈ ಆಯ್ಕೆಯನ್ನು ಗಂಗರ ನೆಲದ ಹಿನ್ನೆಲೆಯಲ್ಲಿ ನೋಡಬೇಕು. ಚಾಮರಾಜನಗರ ತಾಲ್ಲೂಕಿನ ಕುಲಗಾಣದಲ್ಲಿ ದೊರೆತ ಒಂದನೆಯ ಶಿವಮಾರನ ಕಾಲದ ತಾಮ್ರಪಟಗಳು ಕೆಲ್ಲಿಪುಸೂರಿನ, ಅಂದರೆ ಗುಂಡ್ಲುಪೇಟೆ ತಾಲ್ಲೂಕಿನ ಇಂದಿನ ಕೆಲಸೂರಿನ, ಜಿನಾಲಯಕ್ಕೆ ಸಂದ ದಾನವನ್ನು ತಿಳಿಸುತ್ತವೆ. ಈ ಸೀಮೆಯ ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡುಗಳು ಇಂದಿಗೂ ಆನೆಯ ನೆಲೆಗಳು. ಗಂಗರಿಗೆ ಆನೆಯು ಕಾಣದ ಕಲ್ಪನೆಯಾಗಿರಲಿಲ್ಲ.

ಸಾಹಿತ್ಯವೂ ಇದನ್ನು ಸಮರ್ಥಿಸುತ್ತದೆ. ಶ್ರೀಪುರುಷನು ಗಜಶಾಸ್ತ್ರವನ್ನೂ ಅವನ ಮಗ ಇಮ್ಮಡಿ ಶಿವಮಾರನು 'ಗಜಾಷ್ಟಕ'ವನ್ನೂ ರಚಿಸಿದರೆಂದು ಹೇಳಲಾಗಿದೆ. ಇಂದು ಅಲಭ್ಯವಾಗಿರುವ ಗಜಾಷ್ಟಕವು ಓವನಿಗೆಯಾಗಿ, ಒನಕೆವಾಡಾಗಿ ಜನರ ನಾಲಗೆಯಲ್ಲಿತ್ತೆಂಬುದು ಶಾಸನದಿಂದ ತಿಳಿಯುತ್ತದೆ. ರಾಜಮುದ್ರೆಯ ಪ್ರಾಣಿಯೇ ಭತ್ತ ಕುಟ್ಟುವ ಹೆಣ್ಣುಮಕ್ಕಳ ಹಾಡಿನ ವಸ್ತುವೂ ಆಗಿತ್ತೆಂಬುದು ಗಮನಾರ್ಹ.

ಆದರೆ ಆನೆಮುದ್ರೆಯೊಂದೇ ನೈಜತೆಗೆ ಆಧಾರವಾಗಲಾರದು. ಗಂಗರ ಹೆಸರಿನ ಹಲವು ತಾಮ್ರಶಾಸನಗಳು ಕೂಟವೆಂದು ಜೆ. ಎಫ್. ಫ್ಲೀಟ್ ವಾದಿಸಿದ್ದರು. ಕೂಟಶಾಸನವನ್ನು ಸೃಷ್ಟಿಸುವವನು ಮೊದಲು ಅನುಕರಿಸಬೇಕಾದುದು ಜನ ಗುರುತಿಸಬಲ್ಲ ಲಾಂಛನವನ್ನೇ. ಆದ್ದರಿಂದ ಆನೆಯ ನಿಲುವು, ಸೊಂಡಿಲಿನ ಬಾಗು, ಎರಕದ ಕ್ರಮ ಇವುಗಳನ್ನು ಲಿಪಿ, ಭಾಷೆ, ಕಾಲಗಣನೆಗಳೊಡನೆ ಹೋಲಿಸಿ ನೋಡಬೇಕಾಗುತ್ತದೆ. ಶಾಸನಸಂಪಾದನೆಯಲ್ಲಿ ಮುದ್ರೆಯನ್ನೂ ಪಠ್ಯದ ಭಾಗವೆಂದೇ ಪರಿಗಣಿಸುವುದು ಅಗತ್ಯ.