ನಿಜಾಮರ ಹೆಸರಿನ ಯುದ್ಧನೌಕೆ

ಯಾದಗಿರಿ, ಶಹಾಪುರ, ಸುರಪುರದವರಾದ ನಮಗೆ ನೀರೆಂದರೆ ಭೀಮೆ ಮತ್ತು ಕೃಷ್ಣೆ. ಹಡಗಿಗಿಂತ ಹರಿಗೋಲೇ ಪರಿಚಿತ. ಆದರೂ ಎರಡನೇ ಮಹಾಯುದ್ಧದಲ್ಲಿ ನಮ್ಮ ಅಂದಿನ ದೊರೆಯ ಹೆಸರು ಹೊತ್ತ ಹಡಗೊಂದು ದೂರದ ಸಮುದ್ರಗಳಲ್ಲಿ ಹೋರಾಡಿತು. ಅದರ ಹೆಸರು 'ನಿಜಾಮ್'.

ಆಗ ಇದ್ದ ಹಡಗುಗಳು ಯುದ್ಧಕ್ಕೆ ಸಾಲುತ್ತಿರಲಿಲ್ಲ. ಬ್ರಿಟನ್, ಅಮೆರಿಕಗಳಲ್ಲಿ ಸಿರಿವಂತರ ಖಾಸಗಿ ವಿಹಾರ ನೌಕೆಗಳನ್ನೂ ನೌಕಾಪಡೆ ಪಡೆದುಕೊಂಡು, ತೋಪು ಕೂರಿಸಿ, ಗಸ್ತಿಗೆ ಕಳುಹಿಸುತ್ತಿತ್ತು. ಕಡಲೇ ಇಲ್ಲದ ಹೈದರಾಬಾದಿನ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಕೊಟ್ಟದ್ದು ಹಣ. ಆ ನೆರವಿನ ಗೌರವಕ್ಕೆ ಡಿಸ್ಟ್ರಾಯರ್ ಎಂಬ ಜಾತಿಯ ಹೊಸ ಯುದ್ಧನೌಕೆಯೊಂದಕ್ಕೆ ಈ ಹೆಸರು ಬಂತು. ಗುಲಬರ್ಗಾ ಜಿಲ್ಲೆಯಲ್ಲಿದ್ದ ನಮ್ಮ ತಾಲ್ಲೂಕುಗಳೂ ಆಗ ಅದೇ ಸಂಸ್ಥಾನಕ್ಕೆ ಸೇರಿದ್ದವು. ಇಲ್ಲಿಯ ರೈತ ಕಂದಾಯ ಕಟ್ಟುತ್ತಿದ್ದದ್ದು ಆ ಸಂಸ್ಥಾನಕ್ಕೇ. ಹಡಗಿನ ಕಥೆಯಲ್ಲಿ ಮಾತ್ರ ಅವನ ಹೆಸರು ಎಲ್ಲೂ ಬರುವುದಿಲ್ಲ.

ಸ್ಕಾಟ್‌ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿ ಕಟ್ಟಿದ ಈ ನೌಕೆ 1940ರ ಜುಲೈನಲ್ಲಿ ನೀರಿಗಿಳಿದು, 1941ರ ಜನವರಿಯಲ್ಲಿ ಸೇವೆಗೆ ಸೇರಿತು. ಒಡೆತನ ಬ್ರಿಟನ್ನಿನದು, ನಡೆಸಿದ್ದು ಆಸ್ಟ್ರೇಲಿಯಾ ನೌಕಾಪಡೆ, ಹೆಸರು ದಖ್ಖನಿನದು!

ಅದರ ಕಠಿಣ ದಿನಗಳು ಮೆಡಿಟರೇನಿಯನ್ ಸಮುದ್ರದಲ್ಲಿ ಕಳೆದವು. ಲಿಬಿಯಾದ ಟೊಬ್ರುಕ್ ಬಂದರನ್ನು ಜರ್ಮನ್ ಮತ್ತು ಇಟಲಿ ಸೇನೆಗಳು ಭೂಮಾರ್ಗದಲ್ಲಿ ಮುತ್ತಿದ್ದವು. ಒಳಗಿದ್ದ ಸೈನಿಕರಿಗೆ ಉಳಿದಿದ್ದು ಕಡಲ ದಾರಿಯೊಂದೇ. ಹಗಲು ಹೋದರೆ ವಿಮಾನಗಳು ಬಾಂಬ್ ಹಾಕುತ್ತವೆ. ಆದ್ದರಿಂದ ಬೆಳದಿಂಗಳಿಲ್ಲದ ರಾತ್ರಿಗಳನ್ನು ಆರಿಸಿಕೊಂಡು ಡಿಸ್ಟ್ರಾಯರ್‌ಗಳು ಒಳನುಗ್ಗಿ, ಸಾಮಾನು ಇಳಿಸಿ, ಗಾಯಾಳುಗಳನ್ನೂ ಸೈನಿಕರನ್ನೂ ಹತ್ತಿಸಿಕೊಂಡು ಬೆಳಗಾಗುವುದರೊಳಗೆ ದೂರ ಸಾಗಬೇಕಿತ್ತು. ಗಂಟೆಗೆ ಸುಮಾರು 66 ಕಿಲೋಮೀಟರ್ ಓಡಬಲ್ಲ 'ನಿಜಾಮ್' ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. ಕ್ರೀಟ್, ಸಿರಿಯಾ, ಮಡಗಾಸ್ಕರ್ ಕಾರ್ಯಾಚರಣೆಗಳಲ್ಲೂ ಅದು ಇತ್ತು.

ಆ ವೇಗಕ್ಕೆ ಬೆಲೆಯೂ ಇತ್ತು. ವೇಗಕ್ಕಾಗಿ ಕಟ್ಟಿದ ಹಡಗು ಉದ್ದ ಮತ್ತು ಕಿರಿದು. ದೊಡ್ಡ ಅಲೆ ಬಡಿದರೆ ವಿಪರೀತ ವಾಲುತ್ತದೆ. 1945ರ ಫೆಬ್ರುವರಿಯಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಬಳಿ ಹಾಗೆ ವಾಲಿದಾಗ 10 ನಾವಿಕರು ಕೊಚ್ಚಿಹೋದರು. ಶತ್ರುವಿನ ಒಂದು ಗುಂಡೂ ಹಾರದೆ ಆದ ಸಾವುಗಳಿವು.

ಅದೇ ವರ್ಷ ಸೆಪ್ಟೆಂಬರ್ 2ರಂದು ಜಪಾನ್ ಶರಣಾಗತಿಗೆ ಸಹಿ ಹಾಕಿದಾಗ ಟೋಕಿಯೋ ಕೊಲ್ಲಿಯಲ್ಲಿ 'ನಿಜಾಮ್' ಲಂಗರು ಹಾಕಿತ್ತು. 1948ರ ಸೆಪ್ಟೆಂಬರ್‌ನಲ್ಲಿ ನಿಜಾಮರ ಆಳ್ವಿಕೆ ಮುಗಿದು ನಮ್ಮ ನಾಡು ಭಾರತದ ಒಕ್ಕೂಟಕ್ಕೆ ಸೇರಿತು. ಹಡಗು ಇನ್ನೂ ಕೆಲವು ವರ್ಷ ಉಳಿದು, 1950ರ ದಶಕದಲ್ಲಿ ಗುಜರಿಗೆ ಹೋಯಿತು.