ಅಂಕವಿದ್ದರೂ ಅಸ್ವೀಕೃತಿ ಏಕೆ?

ದೆಹಲಿಯ ಲಕ್ಷ್ಮೀನಗರದಲ್ಲಿ, ಮೂರಂತಸ್ತಿನ ಮನೆಯೊಂದರ ಮೇಲಣ ಬರಸಾತಿಯನ್ನು, ಎಂದರೆ ತಾರಸಿಯ ಕೋಣೆಯನ್ನು, ಬಾಡಿಗೆಗೆ ಹಿಡಿದು, ದಿನವೂ ಮೆಟ್ರೋ ಏರಿ ನೋಯ್ಡಾದ ಕಛೇರಿಗೆ ಹೋಗಿಬರುವ ಹಾಸನದ ಕಡೆಯ ತರುಣನೊಬ್ಬನನ್ನು ಕಲ್ಪಿಸಿಕೊಳ್ಳೋಣ. ತೆಗೆದ ಸಾಲದ ಕಂತನ್ನು ಒಮ್ಮೆಯೂ ತಪ್ಪಿಸಿದವನಲ್ಲ. ಸಾಲಗಾರರಿಗೆ 300ರಿಂದ 900ರವರೆಗೆ ಅಂಕ ಕೊಡುವ ಸಿಬಿಲ್ ಮಾಪನದಲ್ಲಿ ಅವನ ಅಂಕ 800ನ್ನು ದಾಟಿದೆ. ಇಂಥವನು ಕ್ರೆಡಿಟ್ ಕಾರ್ಡಿಗೆ ಅರ್ಜಿ ಹಾಕಿದಾಗಲೂ, 'ಬ್ಯಾಂಕಿನ ಆಂತರಿಕ ನೀತಿಯ ಮೇರೆಗೆ ತಮ್ಮ ಅರ್ಜಿಯನ್ನು ಪುರಸ್ಕರಿಸಲಾಗುತ್ತಿಲ್ಲ' ಎಂಬ ಒಂದೇ ಸಾಲಿನ ಉತ್ತರ ಬರುವುದುಂಟು. ಈ ವೈಚಿತ್ರ್ಯದ ಮೂಲವನ್ನು ಅರಿಯಬೇಕಾದರೆ, ಆ ಅಂಕವು ಯಾವ ಪ್ರಶ್ನೆಗೆ ದೊರೆತ ಉತ್ತರವೆಂಬುದನ್ನು ಮೊದಲು ವಿಚಾರಿಸಬೇಕು.

ಸಾಲಗಾರರನ್ನು ತೂಗುವ ಈ ಗಣಿತದ ಬೇರು ಹೂವಿನ ಗಿಡದಲ್ಲಿದೆ ಎಂದರೆ ಆಶ್ಚರ್ಯವಾದೀತು. 1936ರಲ್ಲಿ ಆಂಗ್ಲ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್, ಐರಿಸ್ ಪುಷ್ಪದ ದಳಗಳ ಉದ್ದಗಲಗಳಿಂದಲೇ ಅದರ ಜಾತಿಯನ್ನು ನಿರ್ಣಯಿಸುವ ವಿಧಾನವೊಂದನ್ನು ಪ್ರಕಟಿಸಿದನು. 1941ರಲ್ಲಿ ಅಮೆರಿಕದ ಡೇವಿಡ್ ಡ್ಯುರಾಂಡ್ ಅದೇ ವಿಧಾನದಿಂದ ಒಳ್ಳೆಯ ಸಾಲವನ್ನೂ ಕೆಟ್ಟ ಸಾಲವನ್ನೂ ಬೇರ್ಪಡಿಸಲೆತ್ನಿಸಿದನು. 1956ರಲ್ಲಿ ಬಿಲ್ ಫೇರ್ ಮತ್ತು ಅರ್ಲ್ ಐಸಾಕ್ ಎಂಬಿಬ್ಬರು ಅದನ್ನೇ ಉದ್ಯಮವಾಗಿಸಿದರು. ನಮ್ಮಲ್ಲಿ ಸಿಬಿಲ್ ಸಂಸ್ಥೆ ಸ್ಥಾಪಿತವಾದುದು 2000ದಲ್ಲಿ. ಅದಕ್ಕೆ ಬೇಕಾದ ಕಾಯಿದೆ ಬಂದುದು 2005ರಲ್ಲಿ. ಇಂದು ಸಿಬಿಲ್ಲಿನೊಡನೆ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಸೇರಿ ನಾಲ್ಕು ಸಂಸ್ಥೆಗಳಿವೆ.

ಈ ಅಂಕ ಅಳೆಯುವುದು ಸಾಲದೊಡನೆ ಮನುಷ್ಯನು ನಡೆದುಕೊಂಡ ರೀತಿಯನ್ನು: ಕಂತುಗಳನ್ನು ಹೊತ್ತಿಗೆ ಸರಿಯಾಗಿ ಕಟ್ಟಿದನೆ, ದೊರೆತ ಮಿತಿಯಲ್ಲಿ ಎಷ್ಟು ಪಾಲನ್ನು ಬಳಸಿದನು, ಖಾತೆಗಳು ಎಷ್ಟು ಹಳೆಯವು, ಈಚೆಗೆ ಎಷ್ಟು ಕಡೆ ಸಾಲ ಕೇಳಿದನು. ಅವನ ಸಂಬಳ ಅದರಲ್ಲಿಲ್ಲ, ಕೆಲಸದ ಭದ್ರತೆಯೂ ಇಲ್ಲ. ಸಂಬಳದ ಅರ್ಧಕ್ಕಿಂತ ಹೆಚ್ಚು ಭಾಗ ಕಂತುಗಳಿಗೇ ಹೋಗುತ್ತಿದ್ದರೂ, ಕಂತು ತಪ್ಪದಿರುವಷ್ಟು ಕಾಲವೂ ಅಂಕ ಉಜ್ಜ್ವಲವಾಗಿಯೇ ಇರಬಲ್ಲುದು. ಬ್ಯಾಂಕಿಗಾದರೋ ಆ ಸಂಬಳವೇ ಮೊದಲು ಕಾಣುತ್ತದೆ.

ಬ್ಯಾಂಕಿನ ಎರಡನೆಯ ಪ್ರಶ್ನೆ ವಿಳಾಸದ್ದು. ಕಾರ್ಡಿನ ಸಾಲಕ್ಕೆ ಅಡವಿಲ್ಲವಾದುದರಿಂದ, ಹಣ ಬಾರದಿದ್ದರೆ ಮನುಷ್ಯನನ್ನು ಎಲ್ಲಿ ಹುಡುಕಬೇಕೆಂಬುದು ಬ್ಯಾಂಕಿನ ಚಿಂತೆ. ರಾಜಧಾನಿ ವಲಯವೋ, ನೋಡುವುದಕ್ಕೆ ಒಂದೇ ಊರಾದರೂ, ದೆಹಲಿಯ ಪಿನ್ ಕೋಡ್ 110ರಿಂದ, ಫರೀದಾಬಾದಿನದು 121ರಿಂದ, ಗುರುಗ್ರಾಮದ್ದು 122ರಿಂದ, ಗಾಜಿಯಾಬಾದ್ ನೋಯ್ಡಾಗಳದು 201ರಿಂದ ಆರಂಭವಾಗಿ, ಹಲವು ಸರ್ಕಾರಗಳ ನೆಲದಲ್ಲಿ ಹರಡಿಕೊಂಡಿದೆ. ವಸೂಲಿ ಕಷ್ಟವೆಂದು ಕೆಲವು ಬಡಾವಣೆಗಳನ್ನು 'ನೆಗೆಟಿವ್ ಏರಿಯಾ' ಎಂದು ಗುರುತಿಸಿ ಬದಿಗಿಡುವ ಪರಿಪಾಠವೂ ಈ ವ್ಯವಹಾರದಲ್ಲುಂಟು. ವಿಳಾಸವನ್ನು ನೋಡಿಬರಲು ಬ್ಯಾಂಕು ಕಳುಹಿಸಿದ ಪರಿಶೀಲಕನು ಬಂದ ಹೊತ್ತಿನಲ್ಲಿ ನಮ್ಮ ತರುಣನು ಕಛೇರಿಯಲ್ಲಿರುತ್ತಾನೆ, ಬರಸಾತಿಗೆ ಬೀಗ ಬಿದ್ದಿರುತ್ತದೆ. ಕೆಳಮನೆಯವರು 'ಯಾರೋ ಮದ್ರಾಸಿ ಹುಡುಗ ಮೇಲಿದ್ದಾನೆ, ಹೆಸರು ಗೊತ್ತಿಲ್ಲ' ಎಂದರೆ ಅಲ್ಲಿಗೆ ಪರಿಶೀಲನೆ ಮುಗಿಯಿತು.

ಆ ಹೆಸರಿನ ತೊಡಕಂತೂ ನಮ್ಮವರಿಗೆ ವಿಶೇಷವಾಗಿ ಅಂಟಿದುದು. ಊರಿಗೊಂದು, ತಂದೆಗೊಂದು ಎಂದು ಎರಡು ಇನಿಷಿಯಲ್‌ಗಳನ್ನು ಹೊತ್ತ ಕನ್ನಡಿಗನು, ಅವುಗಳನ್ನು ಬಿಡಿಸಿ ಬರೆಯೆಂದು ಕೇಳುವ ಪ್ಯಾನ್ ಅರ್ಜಿಯಲ್ಲಿ ಒಂದು ಬಗೆಯಾಗಿ, ಬ್ಯಾಂಕಿನ ಪುಸ್ತಕದಲ್ಲಿ ಇನ್ನೊಂದು ಬಗೆಯಾಗಿ ದಾಖಲಾಗುತ್ತಾನೆ. ಒಂದೆಡೆ ಹಾಸನವೇ ಅವನ ಮನೆತನದ ಹೆಸರಾಗಿ ಕುಳಿತರೆ, ಮತ್ತೊಂದೆಡೆ ತಂದೆಯೇ ಅರ್ಜಿದಾರರಾಗಿಬಿಡುತ್ತಾರೆ. ಹೆಸರು, ಜನ್ಮದಿನ, ಪ್ಯಾನ್, ದೂರವಾಣಿಗಳನ್ನು ಹೋಲಿಸಿ ಕಡತ ಜೋಡಿಸುವ ಯಂತ್ರಕ್ಕೆ ಇವನು ಇಬ್ಬರಾಗಿ ಕಂಡರೆ, ಹತ್ತು ವರ್ಷದ ಸಚ್ಚರಿತ್ರೆ ಒಂದು ಕಡತದಲ್ಲುಳಿದು, ಬ್ಯಾಂಕು ತೆರೆದ ಇನ್ನೊಂದು ಕಡತ ಬರಿದಾಗಿರಬಹುದು. ಅವನು ನೋಡಿಕೊಂಡ ಅಂಕ ಒಂದು ಸಂಸ್ಥೆಯದು, ಬ್ಯಾಂಕು ತರಿಸಿದ ವರದಿ ಮತ್ತೊಂದರದು ಆಗಿರುವುದೂ ಸಾಧ್ಯ.

ಅರ್ಜಿದಾರನಿಗೆ ಸಂಬಂಧವೇ ಇಲ್ಲದ ಕಾರಣವೂ ಉಂಟು. 2023ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕು, ಬ್ಯಾಂಕುಗಳ ಕಾರ್ಡ್ ಸಾಲದ 'ಅಪಾಯದ ತೂಕ'ವನ್ನು, ಎಂದರೆ ಅದಕ್ಕೆ ಎದುರಾಗಿ ತೆಗೆದಿಡಬೇಕಾದ ಬಂಡವಾಳವನ್ನು ನಿರ್ಧರಿಸುವ ಅಳತೆಯನ್ನು, ಶೇಕಡಾ 125ರಿಂದ 150ಕ್ಕೆ ಏರಿಸಿತು. ಶೇಕಡಾ 9ರ ಕನಿಷ್ಠ ಬಂಡವಾಳದ ಲೆಕ್ಕದಲ್ಲಿ, 100 ರೂಪಾಯಿಯ ಸಾಲಕ್ಕೆ 11 ರೂಪಾಯಿ 25 ಪೈಸೆ ತೆಗೆದಿಡುತ್ತಿದ್ದ ಬ್ಯಾಂಕು ಅಂದಿನಿಂದ 13 ರೂಪಾಯಿ 50 ಪೈಸೆ ತೆಗೆದಿಡಬೇಕಾಯಿತು. ಇಂಥ ಕಾಲದಲ್ಲಿ ಬಾಗಿಲು ಕಿರಿದಾದರೆ, ಯೋಗ್ಯರಲ್ಲಿಯೂ ಕೆಲವರು ಹೊರಗುಳಿಯುತ್ತಾರೆ.

ನಿರಾಕೃತನಾದವನು ರೋಷದಿಂದ ಅದೇ ಸಂಜೆ ನಾಲ್ಕು ಬ್ಯಾಂಕುಗಳಿಗೆ ಅರ್ಜಿ ಹಾಕುವುದು ಸಹಜವಾದರೂ ಹಾನಿಕರ. ಪ್ರತಿಯೊಂದು ಅರ್ಜಿಯೂ ವಿಚಾರಣೆಯೆಂದು ದಾಖಲಾಗಿ, ಹಣಕ್ಕೆ ಹಾತೊರೆಯುವವನ ಚಹರೆಯನ್ನು ಅವನಿಗೆ ಕೊಡುತ್ತದೆ. ತನ್ನ ವರದಿಯನ್ನು ತಾನೇ ತರಿಸಿ ನೋಡುವುದರಿಂದ ಅಂಕ ಕುಗ್ಗದು. ನಾಲ್ಕು ಸಂಸ್ಥೆಗಳೂ ವರ್ಷಕ್ಕೊಮ್ಮೆ ಅದನ್ನು ಉಚಿತವಾಗಿ ಕೊಡತಕ್ಕದ್ದು. ತಪ್ಪನ್ನು ತೋರಿಸಿಕೊಟ್ಟ 30 ದಿನಗಳೊಳಗೆ ದೂರು ಇತ್ಯರ್ಥವಾಗದಿದ್ದರೆ, ಆಮೇಲಿನ ದಿನವೊಂದಕ್ಕೆ 100 ರೂಪಾಯಿ ಪರಿಹಾರವುಂಟು. ಅರ್ಜಿಯನ್ನು ತಿರಸ್ಕರಿಸಿದವರು ನಿರ್ದಿಷ್ಟ ಕಾರಣವನ್ನು ಲಿಖಿತವಾಗಿ ತಿಳಿಸಬೇಕೆಂದು ರಿಸರ್ವ್ ಬ್ಯಾಂಕಿನ ನಿರ್ದೇಶನಗಳು ವಿಧಿಸಿವೆ. ಆದುದರಿಂದ ನಮ್ಮ ತರುಣನು ಮೊದಲು ಬರೆಯಬೇಕಾದುದು ಇನ್ನೊಂದು ಅರ್ಜಿಯನ್ನಲ್ಲ, ಆ ಕಾರಣವನ್ನು ಕೇಳುವ ಒಂದು ಕಾಗದವನ್ನು. ಅದರ ಕೆಳಗೆ ರುಜು ಹಾಕುವಾಗ, ಪ್ಯಾನಿನಲ್ಲಿರುವಂತೆಯೇ ಹೆಸರನ್ನು ಪೂರ್ತಿಯಾಗಿ ಬಿಡಿಸಿ ಬರೆಯುವುದು ಒಳ್ಳೆಯದು.